ಕೆನೆಬಣ್ಣದ ಮೇಲೊಂದು ಗೀರು

ಗಂಡ ಸತ್ತು, ಅವನ ಶಿವಗಣಾರಾಧನೆ ಮುಗಿದ ಸಂಜೆ ಮೈದುನ ಮುರುಗೇಶ ರುದ್ರಾಣಿಯ ಕೈಯಿಂದ ಕಾರಿನ ಕೀ ತೆಗೆದುಕೊಂಡ. ಕಾರನ್ನು ಮನೆಯ ಪಕ್ಕದ ಶೆಡ್ಡಿಗೆ ತಳ್ಳಿಸಿ ಮೇಲೆ ಟಾರ್ಪಾಲು ಹೊದಿಸಿದ. ಅದು ಎಪ್ಪತ್ತಮೂರನೇ ಇಸವಿ. ಆಮೇಲೆ ಆರು ವರ್ಷ ಆ ಟಾರ್ಪಾಲನ್ನು ಯಾರೂ ಸರಿಸಲಿಲ್ಲ.

ಅದೊಂದು ಮಾರಿಸ್ ಮೈನರ್. ಚಾಮರಾಜಪೇಟೆಯ ಆ ಮನೆಯಲ್ಲಿ ಅದನ್ನು ಓಡಿಸಲು ಬರುತ್ತಿದ್ದದ್ದು ಇಬ್ಬರಿಗೆ: ಸತ್ತುಹೋದ ಮಹಾನಂದನಿಗೆ, ಮತ್ತು ಬೆಳಗಿನ ಖಾಲಿ ರಸ್ತೆಗಳಲ್ಲಿ ಪಕ್ಕದಲ್ಲಿ ಕೂತು ಅವನೇ ಕಲಿಸಿದ್ದ ಅವನ ಹೆಂಡತಿಗೆ. ಮುರುಗೇಶನಿಗೆ ಸ್ಕೂಟರು ಸಾಕಾಗಿತ್ತು. ಗಂಡ ಸತ್ತ ಹೆಂಗಸು ಸ್ಟೀರಿಂಗ್ ಹಿಡಿದು ಬೀದಿಗಿಳಿದರೆ ಅವೆನ್ಯೂ ರಸ್ತೆಯಲ್ಲಿ ತನ್ನ ಅಂಗಡಿಯ ಸುತ್ತಲಿನ ಪೇಪರ್ ವ್ಯಾಪಾರಿಗಳು ಏನೆಂದುಕೊಂಡಾರು ಎಂಬುದಷ್ಟೇ ಅವನ ಚಿಂತೆ. ಆ ವ್ಯಾಪಾರಿಗಳು ಏನೂ ಅಂದುಕೊಂಡಿರಲಿಲ್ಲ. ಅವರಿಗೆ ತಮ್ಮ ರೀಮುಗಳ ಚಿಂತೆಯೇ ಬೇಕಾದಷ್ಟಿತ್ತು.

ಈಗ ಮುರುಗೇಶನಿಗೆ ಪೇಪರ್ ಬಂಡಲು ಪೇರಿಸಲು ಶೆಡ್ಡು ಬೇಕಾಯಿತು. ಗಾಂಧಿಬಜಾರಿನ ಹತ್ತಿರ ಮದುವೆ ಛತ್ರ ನಡೆಸುತ್ತಿದ್ದ ದೊಡ್ಡಬೈರಪ್ಪನವರಿಗೆ ಮದುಮಕ್ಕಳ ಮೆರವಣಿಗೆಗೊಂದು ಹಳೇ ಕಾರು ಬೇಕಾಗಿತ್ತು. "ಚೆನ್ನಾಗಿ ಮಾಡಿಸಿ, ಕೆನೆಬಣ್ಣ ಹೊಡೆಸಿ ಕೊಡಿ, ತಗೋತೀನಿ" ಎಂದಿದ್ದರಂತೆ. ಊಟಕ್ಕೆ ಕೂತಾಗ ಮುರುಗೇಶ ಈ ಸುದ್ದಿಯನ್ನು ತಾಯಿ ಗಿರಿಜಾಂಬಾ ಅವರಿಗೆ ಹೇಳಿದ. ಸಾರು ಬಡಿಸುತ್ತಿದ್ದ ರುದ್ರಾಣಿಗೂ ಕೇಳಿಸಿತು. ಅವಳಿಗೆ ಅಂತ ಯಾರೂ ಹೇಳಲಿಲ್ಲ.

ಶನಿವಾರ ಸಂಜೆ ಗೇಟಿನ ಹತ್ತಿರ ಯಾರೋ ಬಂದು ನಿಂತರು. ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಶರ್ಟು, ಬಾಚಿದ ಕ್ರಾಪು, ಮೂವತ್ತು ದಾಟಿದ ಮುಖ. "ಕಾರು ನೋಡೋಣ ಅಂತ ಬಂದೆ" ಎಂದ. ಛತ್ರದ ಕಡೆಯವನೇ ಇರಬೇಕೆಂದುಕೊಂಡ ರುದ್ರಾಣಿ ಅವನನ್ನು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟಳು. ಕೊಟ್ಟವಳು ದನಿ ತಗ್ಗಿಸಿದಳು.

"ಮನೇಲಿ ಮುರುಗೇಶ ಇಲ್ಲ. ಇರೋ ವಿಷಯ ನಾನೇ ಹೇಳಿಬಿಡ್ತೀನಿ ಕೇಳಿ. ಈ ಕಾರು ನಿಮಗೆ ಆಗಿಬರಲ್ಲ."

"ಹೌದಾ?"

"ಸ್ಟಾರ್ಟೇ ಆಗಲ್ಲ."

"ಆಮೇಲೆ?"

"ಫ್ಲೋರು ತುಕ್ಕು ಹಿಡಿದು ತೂತಾಗಿದೆ. ಕಾಲಿಟ್ರೆ ಸೀದಾ ರಸ್ತೆ ಸಿಗುತ್ತೆ. ಹಿಂದಿನ ಸೀಟಲ್ಲಿ ಇಲಿ ಸಂಸಾರ ಹೂಡಿದೆ. ಮಕ್ಕಳು ಮೊಮ್ಮಕ್ಕಳು ಎಲ್ಲಾ ಅಲ್ಲೇ."

"ಅಯ್ಯೋ ಪಾಪ," ಎಂದ ಅವನು. ಪಾಪ ಯಾರದೆಂದು ತಿಳಿಯಲಿಲ್ಲ. ಕಾಫಿ ಗುಟುಕರಿಸುತ್ತಾ ಅವಳನ್ನೇ ನೋಡಿದ. ಅವನ ಕಣ್ಣಂಚಿನಲ್ಲಿ ನಗುವೊಂದು ಬಾಗಿಲು ತಟ್ಟಲೋ ಬೇಡವೋ ಎಂದು ನಿಂತ ನೆಂಟನ ಹಾಗೆ ನಿಂತಿತ್ತು. "ಇಷ್ಟೊಂದು ಕೆಟ್ಟಿದೆ ಅಂತ ಅವರು ನನಗೆ ಹೇಳಲೇ ಇಲ್ಲ. ಕೂಲಿ ಜಾಸ್ತಿ ಕೇಳ್ಬೇಕಿತ್ತು."

"ಕೂಲಿನಾ?"

"ನಾನು ಕೊಳ್ಳೋಕೆ ಬಂದವನಲ್ಲ ಮೇಡಂ. ರಿಪೇರಿ ಮಾಡೋಕೆ ಬಂದವನು. ಕಾಳಪ್ಪ ಅಂತ. ಬಸ್ ಡಿಪೋದಲ್ಲಿ ಬಾಡಿ ಸೆಕ್ಷನ್. ಭಾನುವಾರ ಇಂಥ ಕೆಲಸ."

ರುದ್ರಾಣಿಯ ಮುಖ ಕೆಂಪಾಯಿತು. ಆರು ವರ್ಷಗಳಲ್ಲಿ ಆ ಮುಖಕ್ಕೆ ಅಂಥ ಬಣ್ಣ ಬಂದಿರಲಿಲ್ಲ.

ಅಷ್ಟರಲ್ಲಿ ಗಿರಿಜಾಂಬಾ ಹೊರಗೆ ಬಂದರು. "ಯಾವ ಕಡೆಯೋರಪ್ಪಾ?"

"ಗವಿಪುರಂ."

"ಗವಿಪುರಂ ಅಂದ್ರೆ... ಯಾರ ಪೈಕಿ?"

"ನೀವು ಅಂದ್ಕೊಂಡೋರ ಪೈಕಿನೇ ಅಮ್ಮಾ," ಎಂದ ಕಾಳಪ್ಪ. ಉಳಿದ ಕಾಫಿಯನ್ನು ಅವಸರವಿಲ್ಲದೆ ಕುಡಿದು, ಲೋಟ ಕೆಳಗಿಟ್ಟು, ನಾಳೆ ಬರುವುದಾಗಿ ಹೇಳಿ ಹೋದ.

ಗಿರಿಜಾಂಬಾ ಬೆತ್ತದ ಕುರ್ಚಿಯ ಮೇಲೆ ಒಂದು ಚೊಂಬು ನೀರು ಸುರಿದರು. ಲೋಟ ಮತ್ತೆ ಒಳಗೆ ಹೋಗಲಿಲ್ಲ. ಕೊಳ್ಳುವವನಾಗಿದ್ದಾಗ ಕುರ್ಚಿ, ದುಡಿಯುವವನಾದಾಗ ಚೊಂಬು ನೀರು. ಎರಡರ ನಡುವೆ ಅವನೇನೂ ಬದಲಾಗಿರಲಿಲ್ಲ. ಜಾತಿ ಇಲ್ಲವೆಂದ ಶರಣರ ಪಟ ಆ ಮನೆಯ ನಡುಮನೆಯಲ್ಲೇ ಇತ್ತು. ದಿನಾ ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದ ಹೂವು ಆ ಪಟಕ್ಕೆ ಏರುತ್ತಿತ್ತು. ಪಟದಿಂದ ಕೆಳಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ.

*

ಮರುದಿನ ಕಾಳಪ್ಪ ತನ್ನದೇ ಒಂದು ಗಾಜಿನ ಲೋಟ ಹಿಡಿದುಕೊಂಡು ಬಂದ.

"ಅದನ್ಯಾಕೆ ತಂದ್ರಿ?" ರುದ್ರಾಣಿಯ ದನಿ ಅವಳಿಗೇ ಕೇಳಿಸಲಿಲ್ಲ.

"ನಿಮ್ಮತ್ತೆಯವರಿಗೆ ತೊಳೆಯೋ ಕೆಲಸ ತಪ್ಲಿ ಅಂತ."

"ನಿಮಗೆ ಕೋಪ ಬರಲ್ವಾ?"

"ಬರುತ್ತೆ. ಅದಕ್ಕೇ ತಗಡು ಬಡಿಯೋ ಕೆಲಸ ಹಿಡಿದಿರೋದು."

ಬಿಳಿ ಶರ್ಟನ್ನು ಮೊಳೆಗೆ ನೇತುಹಾಕಿ ಬನಿಯನ್ನಿನಲ್ಲಿ ಕೆಲಸಕ್ಕಿಳಿದ. ಟಾರ್ಪಾಲು ಸರಿಸಿದಾಗ ಎದ್ದ ಧೂಳು ಬಿಸಿಲ ಕೋಲಿನಲ್ಲಿ ಬಹಳ ಹೊತ್ತು ತೇಲಿತು. ಒಳಗಿನಿಂದ ಹಳೇ ರೆಕ್ಸಿನ್ನಿನ ವಾಸನೆ, ಅದರ ಹಿಂದೆ ಎಲ್ಲೋ ಮಹಾನಂದನ ಸಿಗರೇಟಿನ ವಾಸನೆ. ರುದ್ರಾಣಿ ಶೆಡ್ಡಿನ ಕಂಬ ಹಿಡಿದು ನಿಂತುಬಿಟ್ಟಳು.  ಕಾಳಪ್ಪ ಬಾನೆಟ್ ತೆರೆದು, ಬೇಕಿಲ್ಲದಿದ್ದರೂ ಅದರೊಳಗೆ ತಲೆ ಹಾಕಿ, ಅವಳು ಕಣ್ಣೊರೆಸಿಕೊಳ್ಳುವ ತನಕ ಅಲ್ಲೇ ಇದ್ದ.

ಮುಂದಿನ ಭಾನುವಾರ ರುದ್ರಾಣಿ ಕಾಫಿ ತಂದಾಗ ತನಗೂ ಒಂದು ಗಾಜಿನ ಲೋಟ ತಂದುಕೊಂಡಳು.

"ನಿನ್ನ ಸ್ಟೀಲ್ ಲೋಟಕ್ಕೇನಾಯ್ತೇ?" ವರಾಂಡದಲ್ಲಿ ಅಕ್ಕಿ ಆರಿಸುತ್ತಾ ಕಾವಲು ಕೂತಿದ್ದ ಗಿರಿಜಾಂಬಾ ಕೇಳಿದರು.

"ಅದರಲ್ಲಿ ಕಾಫಿ ಬಣ್ಣ ಕಾಣಲ್ಲ ಅತ್ತೆ."

ಕಾಳಪ್ಪ ತಲೆ ತಗ್ಗಿಸಿ ಕಾಫಿ ಕುಡಿದ. ಲೋಟದ ಅಂಚಿನ ಮೇಲಿಂದ ಒಮ್ಮೆ, ಒಮ್ಮೆ ಮಾತ್ರ, ನೋಡಿದ.

ತುಕ್ಕು ಕೆರೆದು ಉದುರಿಸಿದ. ಫ್ಲೋರಿಗೆ ಹೊಸ ತಗಡು ಬೆಸೆಸಿದ. ಜೆ.ಸಿ. ರೋಡಿನಲ್ಲಿ ಹುಡುಕಿ ಹುಡುಕಿ ಬಾಗಿಲ ರಬ್ಬರು ತಂದ. ಇಲಿಯ ಸಂಸಾರವನ್ನು ಸೀಟಿನ ತೆಂಗಿನ ನಾರಿನ ಸಮೇತ ಎತ್ತಿ ಹಿತ್ತಲಿಗೆ ಸಾಗಿಸಿದ. "ಒಕ್ಕಲೆಬ್ಬಿಸೋದು ನನ್ನ ಸಿದ್ಧಾಂತಕ್ಕೆ ವಿರೋಧ," ಎಂದು ಇಲಿಗಳ ಕ್ಷಮೆ ಕೇಳಿದ. ರುದ್ರಾಣಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಸಿದ್ಧಾಂತ ಬೇರೆ ಇದೆಯಾ?"

"ಭಾನುವಾರ ಸಂಜೆ ನಮ್ದೊಂದು ಓದೋ ಕೂಟ ಇದೆ. ಒಬ್ಬ ಓದ್ತಾನೆ, ಉಳಿದೋರು ಜಗಳ ಆಡ್ತೀವಿ. ಈ ಕಾರಿನ ದೆಸೆಯಿಂದ ತಪ್ಪಿಸ್ತಾ ಇದೀನಿ. ಕ್ರಾಂತಿ ಸ್ವಲ್ಪ ತಡ ಆಗ್ಬಹುದು."

"ಕಾರು ಅಷ್ಟು ಮುಖ್ಯಾನಾ?"

"ಕಾರೇನಲ್ಲ," ಎಂದವನು ಮುಂದಿನ ಮಾತನ್ನು ಉಪ್ಪುಕಾಗದದಡಿ ಉಜ್ಜಿಬಿಟ್ಟ.

ಇನ್ನೊಂದು ದಿನ ಅವಳು ಕೇಳಿದಳು, "ಕಾಳಪ್ಪ ಅನ್ನೋದು ಮುದುಕರ ಹೆಸರಲ್ವಾ?"

"ನಮ್ಮಮ್ಮ ನರಸಮ್ಮಂಗೆ ಅವಸರ. ನಾನು ಮುದುಕ ಆಗೋವರೆಗೂ ಕಾಯೋಕಾಗ್ಲಿಲ್ಲ."

ಆದರೂ ಅವಳು ಅವನನ್ನು ಕಾಳಪ್ಪನವರೇ ಎಂದೇ ಕರೆದಳು. ಆ ಮನೆಯಲ್ಲಿ ಅವನ ಹೆಸರಿಗೆ ಒಂದು ಗೌರವದ ಬಾಲ ಹಚ್ಚಿದ್ದು ಅವಳೊಬ್ಬಳೇ.

ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಕಾರಿನಡಿ, ಒಬ್ಬರು ಪೆಡಲಿನ ಮೇಲೆ. ಮುರುಗೇಶ ಅಂಗಡಿಯ ಗುಮಾಸ್ತರ ಮನೆಯ ಕಾರ್ಯಕ್ಕೆ ಹೋಗಿದ್ದ. "ಮೇಡಂ, ಸ್ವಲ್ಪ ಕೂತ್ಕೋತೀರಾ?" ಎಂದ ಕಾಳಪ್ಪ. ಗಿರಿಜಾಂಬಾ ಮೊರದಿಂದ ತಲೆಯೆತ್ತಿ ನೋಡಿದರು. ಕಾರು ನಿಂತಿದೆ, ಚಕ್ರ ಬಿಚ್ಚಿದೆ, ಎಲ್ಲಿಗೂ ಹೋಗುವಂತಿಲ್ಲ ಎಂದುಕೊಂಡು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕಿದರು.

ರುದ್ರಾಣಿ ಸ್ಟೀರಿಂಗಿನ ಮುಂದೆ ಕೂತಳು. ಕೈ ತಾನಾಗಿ ತನ್ನ ಹಳೇ ಜಾಗ ಹುಡುಕಿಕೊಂಡಿತು.

"ಒತ್ತಿ," ಎಂದಿತು ಕಾರಿನಡಿಯ ದನಿ. "ಹಿಡ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಈಗ ಬಿಡಿ."

ಒತ್ತಿದಳು, ಹಿಡಿದಳು, ಬಿಟ್ಟಳು. ಕಾಲಿನಡಿ ಮೆತ್ತಗಿದ್ದ ಪೆಡಲು ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಮುಖ ಕಾಣದ ಮನುಷ್ಯನೊಬ್ಬ ನೆಲದಡಿಯಿಂದ ಇಷ್ಟು ಮೆಲ್ಲಗೆ ಹೇಳುತ್ತಿದ್ದಾನೆ, ತಾನು ಮರುಮಾತಿಲ್ಲದೆ ಕೇಳುತ್ತಿದ್ದೇನೆ. ಆ ಮನೆಯಲ್ಲಿ ಅವಳಿಗೆ ಏನಾದರೂ ಮಾಡೆಂದು ಹೇಳುವವರು ಬಹಳ ಜನ. 'ಹಿಡ್ಕೊಳ್ಳಿ' ಎಂದವರು ಯಾರೂ ಇರಲಿಲ್ಲ.

"ಸಾಕಾ?" ಎಂದಳು.

"ಇನ್ನೊಂದ್ಸಲ," ಎಂದ ಅವನು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಇನ್ನೊಂದ್ಸಲ."

ಗಾಳಿಯೆಲ್ಲ ಆಗಲೇ ಹೋಗಿತ್ತು. ಅದು ಅವಳಿಗೂ ಗೊತ್ತಾಗುತ್ತಿತ್ತು.

ಹಳೇ ಕಾಲದ ಆ ಕಾರಿಗೆ ತಿರುವು ತೋರಿಸಲು ಎರಡೂ ಬದಿಯ ಬಾಗಿಲ ಕಂಬದೊಳಗೆ ಒಂದೊಂದು ಪುಟ್ಟ ಕೈ. ಸ್ವಿಚ್ಚು ಒತ್ತಿದರೆ ದೀಪ ಹಚ್ಚಿಕೊಂಡು ಹೊರಗೆ ಚಾಚುತ್ತಿತ್ತು. ಎಡಗೈ ಎದ್ದಿತು, ಬಲಗೈ ಏಳಲಿಲ್ಲ. ಕಾಳಪ್ಪ ಎಣ್ಣೆ ಬಿಟ್ಟ, ಬಿಚ್ಚಿ ನೋಡಿದ, ಬೈದ. ರುದ್ರಾಣಿ ಮುಂದೆ ಬಂದು ಕಂಬಕ್ಕೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟಳು. ಕೈ ಎದ್ದು ನಿಂತಿತು.

"ಇಷ್ಟೆಲ್ಲಾ ಉಪಚಾರ ಮಾಡಿದೆ, ಇದಕ್ಕೆ ಗುದ್ದೇ ಬೇಕಿತ್ತಾ?"

"ಕೆಲವರು ಹಾಗೇ. ಮನಸ್ಸಲ್ಲಿರೋದು ಹೊರಗೆ ಬರೋಕೆ ಒಂದು ಗುದ್ದು ಬೇಕು."

ಹೇಳಿದ ಮೇಲೆ ಅವಳಿಗೆ ತನ್ನ ಮಾತು ಕೇಳಿಸಿತು. ಕಿತ್ತಲೆ ಬಣ್ಣದ ಆ ಪುಟ್ಟ ದೀಪದ ಬೆಳಕು ಇಬ್ಬರ ನಡುವೆ ಉಸಿರಾಡುತ್ತಾ ನಿಂತಿತ್ತು. ಸ್ವಿಚ್ಚು ಆರಿಸಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

*

ಕೆನೆಬಣ್ಣ ಒಣಗಿದ ದಿನ ಕಾರು ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಮುರುಗೇಶ ಸುತ್ತ ತಿರುಗಿ ನೋಡಿ, "ಪರವಾಗಿಲ್ಲ" ಎಂದ. ಕಾಳಪ್ಪ ಸುತ್ತಿಗೆ, ಉಪ್ಪುಕಾಗದ, ಗಾಜಿನ ಲೋಟ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡ.

"ಬರ್ತೀನಿ ಮೇಡಂ."

ಬರ್ತೀನಿ ಎನ್ನುವುದು ಬಾಯಿಮಾತು. ಬರುವ ಕಾರಣ ಮುಗಿದಿತ್ತು. ಗೇಟಿನ ಅಗುಳಿ ಬಿದ್ದ ಸದ್ದು ರುದ್ರಾಣಿಯ ಎದೆಯೊಳಗೆಲ್ಲೋ ಬಿತ್ತು.

ಮಂಗಳವಾರ ಮಧ್ಯಾಹ್ನ, ಗಿರಿಜಾಂಬಾ ಮಲಗಿದ್ದಾಗ, ಅವಳು ಸೆರಗಿನ ಪಿನ್ನು ಬಿಚ್ಚಿ ಶೆಡ್ಡಿಗೆ ಹೋದಳು. ಬಾಗಿಲ ಪಕ್ಕ, ಸೊಂಟದೆತ್ತರದಲ್ಲಿ, ಒಂದು ಗೇಣುದ್ದ ಗೀಚಿದಳು. ಕೆನೆಯಡಿಯ ಕೆಂಪು ಪ್ರೈಮರು ಬೈತಲೆಯ ಕುಂಕುಮದ ಹಾಗೆ ಎದ್ದು ಕಂಡಿತು.  ಒಳಗೆ ಬಂದು ಮುಖ ತೊಳೆದುಕೊಂಡಳು. ನೀರು ಹನಿಯುತ್ತಿದ್ದ ಮುಖ ಕನ್ನಡಿಯಲ್ಲಿ ನಗುತ್ತಿತ್ತು.

ಕರೆ ಹೋಯಿತು. ಕಾಳಪ್ಪ ಬಂದ. ಬಗ್ಗಿ ಗೀರು ನೋಡಿದ. ಬೆರಳಿನಿಂದ ಅದರುದ್ದಕ್ಕೂ ಸವರಿದ.

"ಬೆಕ್ಕಿರಬೇಕು," ಎಂದಳು ರುದ್ರಾಣಿ.

"ಸ್ಕೇಲ್ ಇಟ್ಕೊಂಡು ಗೀಚೋ ಬೆಕ್ಕನ್ನ ಇದೇ ಮೊದಲು ನೋಡ್ತಿರೋದು."

ಇಡೀ ಭಾನುವಾರ ಹಿಡಿಯಿತು ಆ ಗೇಣುದ್ದದ ಗೀರು ಮುಚ್ಚಲು. ಅಷ್ಟು ಹೊತ್ತು ಬೇಕಿರಲಿಲ್ಲ. ಮುಂದಿನ ವಾರ ಡಿಕ್ಕಿಯ ಮೇಲೆ ಇನ್ನೊಂದು ಗೀರು ಬಿತ್ತು. ಈ ಸಲ ಬಂದ ಕಾಳಪ್ಪನ ಮುಖದಲ್ಲಿ ನಗೆಯಿರಲಿಲ್ಲ.

"ನೋಡಿ," ಎಂದ ಮೆಲ್ಲಗೆ, ಕೈ ಕೆಲಸ ನಿಲ್ಲಿಸದೆ. "ನಿಮಗಿದು ಆಟ. ಗೀರು ಬಿದ್ರೆ ಕೇಳೋದು ನನ್ನನ್ನ. ಕೂಲಿ ಆಸೆಗೆ ನಾನೇ ಗೀಚ್ತಿದೀನಿ ಅಂತಾರೆ. ನಿನ್ನೆ ಕರೆಯೋಕೆ ಬಂದಾಗ ನಿಮ್ಮ ಮೈದುನ ಹಾಗೇ ನೋಡಿದ್ರು. ನಮ್ಮ ಮನೇಲಿ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲನೇವನು ನಾನು. ಅದು ಹೋಗೋಕೆ ಕಾರಣ ಬೇಡ ಮೇಡಂ, ಒಂದು ಕಂಪ್ಲೇಂಟ್ ಸಾಕು."

 ಅದು ರುದ್ರಾಣಿಗೆ ಹೊಳೆದೇ ಇರಲಿಲ್ಲ. ತನ್ನ ಬಿಡುಗಡೆಯ ಗೀರನ್ನು ಅವಳು ಎಳೆದದ್ದು ಇನ್ನೊಬ್ಬರ ಅನ್ನದ ಮೇಲೆ.

"ನಂಗೆ... ನೀವು ಬರೋಕೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಉಜ್ಜುತ್ತಿದ್ದ ಕೈ ನಿಂತಿತು.

"ನಾನು ದಿನಾ ಡಿಪೋದಿಂದ ಈ ರಸ್ತೇಲೇ ಸೈಕಲ್ ತಳ್ಕೊಂಡು ಹೋಗ್ತೀನಿ," ಎಂದ ಕಾಳಪ್ಪ. "ಗವಿಪುರಕ್ಕೆ ಇದು ಸುತ್ತು ದಾರಿ."

 ವರಾಂಡದಲ್ಲಿ ಮೊರದ ಸದ್ದು ಯಾವಾಗಲೋ ನಿಂತುಹೋಗಿತ್ತು.

*

ಆ ರಾತ್ರಿಯ ಊಟ ಮುಗಿಯುವಷ್ಟರಲ್ಲಿ ತಾಯಿ ಮಗ ಒಂದು ತೀರ್ಮಾನಕ್ಕೆ ಬಂದಿದ್ದರು. ಮುಂದಿನ ಭಾನುವಾರ ಬೆಳಿಗ್ಗೆ ಗಿರಿಜಾಂಬಾ ಸೊಸೆಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಎದುರುಮನೆಯೋರು ಆಗಲೇ ಕೇಳ್ತಿದಾರೆ, ಕಾರು ಇನ್ನೂ ಆಗಿಲ್ವಾ ಅಂತ. ಕೇಳೋ ದನಿ ನಂಗೆ ಅರ್ಥ ಆಗುತ್ತೆ. ಊರು ಬಾಯಿ ಬಿಡೋಕೆ ಮುಂಚೆ ನಾವೇ ಹೇಳಿಬಿಡ್ಬೇಕು. ದೊಡ್ಡಬೈರಪ್ಪನೋರು ಬರ್ತಾರೆ, ಅವನನ್ನೂ ಬರೋಕೆ ಹೇಳಿದೀವಿ. ನೀನು ಎರಡೇ ಮಾತು ಹೇಳು. ಗೀಚಿದ್ದು ಅವನೇ. ಕೇಳೋಕೆ ಹೋದ್ರೆ ನಿನ್ನ ಕೈ ಹಿಡಿದ."

"ಅತ್ತೆ!"

"ದೊಡ್ಡಬೈರಪ್ಪನೋರು ಸಾಕ್ಷಿ ಹಾಕಿದ್ರೆ ಮುರುಗೇಶ ಡಿಪೋಗೆ ಕಂಪ್ಲೇಂಟ್ ಕೊಡ್ತಾನೆ. ಅವನು ಈ ಕಡೆ ತಲೆ ಹಾಕಲ್ಲ. ನಿನ್ನ ಮಾನ ಉಳಿಯುತ್ತೆ."

"ಅವರು ಅಂಥದ್ದೇನೂ ಮಾಡಿಲ್ಲ ಅತ್ತೆ."

"ಅದು ನಂಗೂ ಗೊತ್ತು ಕಣೇ," ಎಂದರು ಗಿರಿಜಾಂಬಾ. ಅವರ ದನಿ ಗಡುಸಾಗಿರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು. "ನಾನೂ ನಿನ್ನಂಗೇ ಗಂಡನ್ನ ಕಳ್ಕೊಂಡೋಳು. ತಲೆ ಮೇಲೆ ಸೂರು ಇರೋವರೆಗೆ ಹೆಂಗಸಿಗೆ ಮಾನ. ಹೇಳಲ್ಲ ಅಂದ್ರೆ ನಿಮ್ಮಣ್ಣನ ಮನೆಗೆ ಹೊರಡು. ಅಲ್ಲಿ ನಿಂಗೆ ಎಷ್ಟು ಜಾಗ ಇದೆ ಅಂತ ನಿಂಗೇ ಗೊತ್ತು."

ಗೊತ್ತಿತ್ತು. ಅಣ್ಣನ ಮನೆಯಲ್ಲಿ ಅವಳಿಗಿದ್ದ ಜಾಗ ಒಂದು ಚಾಪೆಯಷ್ಟು, ಅದೂ ಅತ್ತಿಗೆಯ ತವರಿನವರು ಬರದಿದ್ದಾಗ.

ಅಂಗಳದಲ್ಲಿ ಕಾರು ಬಿಸಿಲಿಗೆ ಮಿನುಗುತ್ತಿತ್ತು. ದೊಡ್ಡಬೈರಪ್ಪ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕಾಳಪ್ಪ ಗೇಟಿನೊಳಗೆ, ಬಿಳಿ ಶರ್ಟಿನಲ್ಲಿ, ನಿಂತಿದ್ದ. ಯಾಕೆ ಕರೆಸಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುರುಗೇಶನ ಮುಖ ನೋಡಿದ ಮೇಲೆ ಹೇಳುವುದೂ ಬೇಕಿರಲಿಲ್ಲ.

"ನೋಡಿ ದೊಡ್ಡಬೈರಪ್ಪನೋರೇ," ಎಂದು ಮುರುಗೇಶ ಶುರು ಮಾಡಿದ, "ನಂಬಿ ಮನೆಯೊಳಗೆ ಬಿಟ್ಕೊಂಡ್ವಿ. ಇವನ ಯೋಗ್ಯತೆ ಏನು ಅಂತ ನಮ್ಮತ್ತಿಗೆ ಬಾಯಲ್ಲೇ ಕೇಳಿ. ಹೇಳಿ ಅತ್ತಿಗೆ. ಕಾರು ಗೀಚಿದ್ಯಾರು?"

ರುದ್ರಾಣಿ ಕಾಳಪ್ಪನ ಕಡೆ ನೋಡಿದಳು. ಅವನು ಬೇಡಲಿಲ್ಲ. ಕಣ್ಣು ತಪ್ಪಿಸಲೂ ಇಲ್ಲ. ಅವಳು ಏನು ಹೇಳಿದರೂ ಹೊರಲು ತಯಾರಾದವನಂತೆ, ಅವನ ಪೈಕಿಯವರು ತಲೆತಲಾಂತರದಿಂದ ನಿಂತ ಹಾಗೆ, ನಿಂತಿದ್ದ. ಅದನ್ನು ನೋಡಿ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆರು ವರ್ಷದಲ್ಲಿ ಮೊದಲ ಬಾರಿಗೆ ಬಂದ ಸಿಟ್ಟು, ಕಾಲಿನಿಂದ ತಲೆಯವರೆಗೆ ಬಿಸಿಯಾಗಿ ಏರಿತು.

"ನಾನು," ಎಂದಳು.

"ಏನು?"

"ಗೀಚಿದ್ದು ನಾನು. ಎರಡು ಸಲ. ನನ್ನ ಸೆರಗಿನ ಪಿನ್ನಲ್ಲಿ."

"ಅತ್ತಿಗೆ, ನಿಮಗೆ ತಲೆ..."

"ಕೆಲಸ ಮುಗಿದುಹೋಗಿತ್ತು. ಇವರು ಮತ್ತೆ ಬರಲಿ ಅಂತ ಗೀಚಿದೆ. ಇವರು ನನ್ನ ಕೈ ಹಿಡಿದಿಲ್ಲ. ಹಿಡೀಲಿ ಅಂತ ನಾನು ಕಾದಿದ್ದೆ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.  ಕಾಳಪ್ಪನ ಮುಖದಲ್ಲಿ ಆಗುತ್ತಿದ್ದುದನ್ನು ರುದ್ರಾಣಿ ಒಬ್ಬಳೇ ನೋಡಿದಳು: ಬಿಗಿದ ದವಡೆ ಸಡಿಲಾಯಿತು, ಕಣ್ಣು ತುಂಬಿತು.

ದೊಡ್ಡಬೈರಪ್ಪ ಗಂಟಲು ಸರಿಮಾಡಿಕೊಂಡು ಎದ್ದರು. "ನಾನು ಮದುವೆ ಛತ್ರದೋನು ಮುರುಗೇಶಪ್ಪ. ಹೆಣ್ಣು ಗಂಡನ್ನ ಒಪ್ಪಿದ ಮಾತು ದಿನಾ ಕೇಳೋನು. ಸಾಕ್ಷಿ ಬೇಕಂದ್ರೆ ಈಗ ಕೇಳಿದ್ದನ್ನೇ ಹೇಳ್ತೀನಿ. ಕಾರಿನ ವಿಷಯ ಇನ್ನೊಂದಿನ ಮಾತಾಡೋಣ." ಚಪ್ಪಲಿ ಮೆಟ್ಟಿ ಹೊರಟೇಹೋದರು.

ಮುರುಗೇಶ ಕಾಳಪ್ಪನ ಮೇಲೆ ತಿರುಗಿಬಿದ್ದ. "ಏಯ್! ಇನ್ನೂ ಏನ್ ನೋಡ್ತಿದೀಯ? ನಡಿ ಆಚೆ!"

ಕಾಳಪ್ಪ ಕದಲಲಿಲ್ಲ. "ಇದು ನಿಮ್ಮ ಮನೆ, ನಿಜ," ಎಂದ. "ಆದ್ರೆ ನಾನು ಬಂದಿದ್ದು ಇವರಿಗೋಸ್ಕರ. ಇವರು ಹೋಗು ಅಂದ್ರೆ ಹೋಗ್ತೀನಿ. ಇವರೇ ಅನ್ಬೇಕು."

ಗಿರಿಜಾಂಬಾ ವರಾಂಡದ ಮೆಟ್ಟಿಲಿಳಿದು ಬಂದರು. ಸೊಸೆಯ ಮೊಣಕೈ ಹಿಡಿದರು. ಎದುರುಮನೆಯ ಕಿಟಕಿಯಲ್ಲಿ ಆಗಲೇ ಎರಡು ತಲೆ ಕಾಣುತ್ತಿದ್ದವು.

"ಆಗಿದ್ದು ಆಗ್ಹೋಯ್ತು," ಎಂದರು ಹಲ್ಲು ಕಚ್ಚಿ. "ಇನ್ನೂ ಕಾಲ ಮೀರಿಲ್ಲ. ಹೋಗು ಅಂತ ಹೇಳು ಅವನಿಗೆ. ಒಂದೇ ಮಾತು. ಹೇಳು."

ರುದ್ರಾಣಿ ತನ್ನ ಮೊಣಕೈ ಹಿಡಿದಿದ್ದ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹೇಳಲ್ಲ," ಎಂದಳು.